ಇಪ್ಪತ್ತನಾಲ್ಕನೇ ಗೂಡು

ಯಂತ್ರದ ಒಳಹೊರಗು ಬಲ್ಲವರು ಹೇಳಬೇಕಾಗಿದ್ದ ಕತೆ ಇದು. ಸಂಜೆ ಕಾಲೇಜಿನ ಅರೆಬರೆ ಗಣಿತದ ಬಲದ ಮೇಲೆ ಹೇಳಲು ಹೊರಟಿರುವುದು ಉದ್ಧಟತನವೇ ಸರಿ. ಎಡವಿದ ಕಡೆ ಬಲ್ಲವರು ಮನ್ನಿಸಬೇಕು.

1978ರ ನವೆಂಬರ್ 13, ಸೋಮವಾರ, ಬೆಳಿಗ್ಗೆ 10.15. ರಾಜಾಜಿನಗರದ ಕೈಗಾರಿಕಾ ವಸಾಹತಿನ ಒಂದು ಕಾರ್ಖಾನೆಯ ಮ್ಯಾನೇಜರ್ ವೆಂಕಟಗಿರಿ ಠಾಣೆಗೆ ಲಿಖಿತ ದೂರು ತಂದರು. ಉಗ್ರಾಣದ ಬಿಡಿಭಾಗಗಳ ವಿವರ ಹೇಳುವ ಕಂಪ್ಯೂಟರ್ ನಾಲ್ಕು ತಿಂಗಳಲ್ಲಿ ಆರು ಸಲ ಇದ್ದಕ್ಕಿದ್ದಂತೆ ನಿಂತುಹೋಗಿತ್ತು. ಆರೂ ಸಲ ಆಪರೇಟರ್ ತುಂಗಾಳ ಪಾಳಿಯಲ್ಲೇ. ಆ ಆರು ದಿನ ಟೆಲಿಪ್ರಿಂಟರುಗಳಲ್ಲಿ ಅಚ್ಚಾಗಿದ್ದ ಹಾಳೆಗಳು ಬೀಗ ಹಾಕಿದ ಬೀರುವಿನಿಂದ ಕಾಣೆಯಾಗಿದ್ದವು. ಬೀರುವಿಗೆ ಎರಡು ಕೀಲಿ. ಒಂದು ತುಂಗಾ ಹತ್ತಿರ, ಇನ್ನೊಂದು ಪ್ರೋಗ್ರಾಂ ಬರೆದ ಪದ್ಮನಾಭನ ಹತ್ತಿರ.

"ಕೀಲಿ ಅವಳ ಹತ್ರ, ಪಾಳಿ ಅವಳದ್ದು. ಇನ್ನೇನ್ರೀ ಬೇಕು ನಿಮಗೆ?" ಎಂದರು ವೆಂಕಟಗಿರಿ. "ಶುಕ್ರವಾರ ದೆಹಲಿಯಿಂದ ದೊಡ್ಡೋರು ಬರ್ತಿದಾರೆ. ಅಷ್ಟ್ರಲ್ಲಿ ಅವಳನ್ನ ಒಳಗೆ ಹಾಕಿ."

ಸಬ್ ಇನ್ಸ್‌ಪೆಕ್ಟರ್ ಲಕ್ಷ್ಮೀಪತಿ ದೂರನ್ನು ಇನ್ನೊಮ್ಮೆ ಓದತೊಡಗಿದರು. ಮೂರು ವರ್ಷದ ಹಿಂದೆ ಅವರು ಅವಸರದಲ್ಲಿ ಬಂಧಿಸಿದ್ದ ಮನೆಗೆಲಸದ ಹೆಂಗಸು ತಪ್ಪಿತಸ್ಥೆಯಲ್ಲ ಎಂದು ಕೋರ್ಟು ಬಿಡುಗಡೆ ಮಾಡಿತ್ತು. ಅಷ್ಟರಲ್ಲಿ ಆಕೆಯ ಕೆಲಸ ಹೋಗಿತ್ತು. ಅಂದಿನಿಂದ ಬಂಧನ ಎಂಬ ಮಾತು ಕೇಳಿದರೆ ಅವರು ಕಾಗದಗಳನ್ನು ಎರಡೆರಡು ಸಲ ಓದುತ್ತಿದ್ದರು.

ಎಫ್‌ಐಆರ್ ಬರೆಯಲು ಕೂತ ಹೆಡ್ ಕಾನ್‌ಸ್ಟೇಬಲ್ ಮುನಿಯಪ್ಪ ಪೆನ್ನು ಎತ್ತಿ ಹಿಡಿದ. "ಕಂಪ್ಯೂಟರ್ ನಿಲ್ಸಿದ್ದಕ್ಕೆ ಯಾವ ಸೆಕ್ಷನ್ ಹಾಕ್ಲಿ ಸಾರ್?"

"ಹಾಳೆ ಕಳವು ಅಂತ ಬರೀರಿ. ಸದ್ಯಕ್ಕೆ ನಮಗೆ ಗೊತ್ತಿರೋದು ಅಷ್ಟೇ."

ಮಧ್ಯಾಹ್ನ 12.30ಕ್ಕೆ ಸ್ಥಳ ಪಂಚನಾಮೆ ನಡೆಯಿತು. ಬೀಗ ಒಡೆದಿರಲಿಲ್ಲ. ತಣ್ಣನೆಯ ಕೋಣೆಯಲ್ಲಿ ಒಂದು ಕಂಪ್ಯೂಟರ್, ಅದಕ್ಕೆ ಸೇರಿದ, ನಂಬರು ಒತ್ತಿದರೆ ಉತ್ತರ ಅಚ್ಚು ಮಾಡಿ ಕೊಡುವ ಎರಡು ಟೆಲಿಪ್ರಿಂಟರ್. ಪದ್ಮನಾಭ ಕನ್ನಡಕ ಒರೆಸುತ್ತ ನಿಂತಿದ್ದ.

"ಪ್ರೋಗ್ರಾಮಲ್ಲಿ ತಪ್ಪಿರಬಹುದಾ?" ಎಂದು ಲಕ್ಷ್ಮೀಪತಿ ಅವನನ್ನು ಕೇಳಿದರು.

"ತಪ್ಪಿದ್ರೆ ಬೇರೆಯವರ ಪಾಳಿಲೂ ನಿಲ್ಬೇಕಿತ್ತಲ್ಲ ಸಾರ್."

ಲಕ್ಷ್ಮೀಪತಿ ಆ ಮಾತನ್ನು ಹಾಗೇ ಬರೆದುಕೊಂಡರು.

ಸಂಜೆ 4ಕ್ಕೆ ಹೊಸಹಳ್ಳಿಯ ತುಂಗಾಳ ಮನೆಗೆ ಹೋದರು. ಜೀಪನ್ನು ತಿರುವಿನಲ್ಲೇ ಬಿಟ್ಟು ನಡೆದುಹೋದರೂ ತುಂಗಾಳ ತಾಯಿ ಅನಂತಲಕ್ಷ್ಮಿ ಬಾಗಿಲಲ್ಲೇ ತಡೆದರು. "ನಡ್ಕೊಂಡು ಬಂದ್ರೆ ಖಾಕಿ ಕಾಣಲ್ವಾ? ಬೀದಿಯವರೆಲ್ಲ ಕಿಟಕಿಲಿ ಇದಾರೆ."

ತುಂಗಾ ತಾಯಿಯ ಪಕ್ಕದಲ್ಲಿ ಕೂತು ಉತ್ತರ ಕೊಟ್ಟಳು.

"ಎರಡು ಟೆಲಿಪ್ರಿಂಟರೂ ನೀವೊಬ್ರೇ ಒತ್ತುತೀರಂತೆ?"

"ಬಿಡಿಭಾಗ ಕೇಳೋಕೆ ಬಂದೋರ ಕ್ಯೂ ಕಿಟಕಿ ಹತ್ರ ಬೆಳೆದಾಗ ಸಾರ್. ಒಂದು ಕಟಕಟ ಅಂತ ಅಚ್ಚು ಮಾಡ್ತಿರತ್ತೆ. ಸುಮ್ನೆ ನಿಂತ್ಕೊಳೋ ಬದ್ಲು ಇನ್ನೊಂದ್ರಲ್ಲಿ ಮುಂದಿನೋರಿಗೆ ಬೇಕಾದ ಭಾಗದ ನಂಬರ್ ಕೊಡ್ತೀನಿ."

"ಬೇರೆ ಆಪರೇಟರುಗಳು?"

"ಕಾಯ್ತಾರೆ."

"ಇವಳಿಗೆ ಮಾತ್ರ ಎಲ್ಲದಕ್ಕೂ ಅವಸರ" ಎಂದರು ತಾಯಿ.

ತುಂಗಾ ಒಳಗಿನಿಂದ ಒಂದು ನೋಟ್‌ಬುಕ್ ತಂದಳು. ಯಂತ್ರ ನಿಂತಾಗಲೆಲ್ಲ ಎರಡೂ ಕಡೆ ತಾನು ಕೊಟ್ಟಿದ್ದ ನಂಬರುಗಳನ್ನು ಬರೆದಿಟ್ಟಿದ್ದಳು. ಆರು ಜೊತೆ. "ಯಾರಾದ್ರೂ ಕೇಳಿದ್ರೆ ತೋರ್ಸೋಣ ಅಂತಿದ್ದೆ. ಬೈದ್ರು, ಕೇಳ್ಲಿಲ್ಲ."

"ನಂಬರ್ ಕೊಟ್ರೆ ಯಂತ್ರ ಅದರ ವಿವರನ ಎಲ್ಲಿಂದ ತರತ್ತೆ?"

"ನಿಧಾನದ ಡಿಸ್ಕಿಂದ. ಸಲಸಲಕ್ಕೂ ಅಲ್ಲಿಗೆ ಹೋಗೋದು ಬೇಡ ಅಂತ, ಕೇಳಿದ್ದನ್ನ ತನ್ನ ನೆನಪಿನ ಗೂಡುಗಳಲ್ಲಿ ಇಟ್ಕೊಂಡಿರತ್ತೆ. ನೂರಾ ಒಂದು ಗೂಡು. ಒಂದ್ರಲ್ಲಿ ಒಂದೇ ಭಾಗದ ವಿವರ, ಇನ್ನೊಂದು ಬಂದ್ರೆ ಮೊದಲಿಂದು ಖಾಲಿ ಆಗತ್ತೆ. ಭಾಗದ ನಂಬರನ್ನ ನೂರಾ ಒಂದರಿಂದ ಭಾಗಿಸಿ ಉಳಿಯೋ ಶೇಷನೇ ಗೂಡಿನ ನಂಬರು. ಪದ್ಮನಾಭ ಸಾರೇ ಹೇಳ್ಕೊಟ್ಟಿದ್ದು. ನಿಜ ಹೇಳಿ ಸಾರ್, ನನ್ನ ಕರ್ಕೊಂಡು ಹೋಗ್ತೀರಾ?"

"ಗೊತ್ತಿಲ್ಲಮ್ಮ" ಎಂದರು ಲಕ್ಷ್ಮೀಪತಿ. ಅದು ನಿಜವೇ ಆಗಿತ್ತು.

ಮಂಗಳವಾರ ಬೆಳಿಗ್ಗೆ ಠಾಣೆಯಲ್ಲಿ ಕೂತು ಭಾಗಾಕಾರ ಮಾಡಿದರು. ಕೊನೆಯ ಜೊತೆ 2347 ಮತ್ತು 5175. ಮೊದಲನೆಯದರ ಶೇಷ 24. ಎರಡನೆಯದರದ್ದೂ 24. ಕೈ ತಪ್ಪಿರಬೇಕೆಂದು ಮತ್ತೆ ಮಾಡಿದರು. ಆರು ಜೊತೆಗಳಲ್ಲೂ ಎರಡೂ ನಂಬರಿಗೆ ಒಂದೇ ಗೂಡು. ಆದರೆ ಅದರಿಂದ ಏನಾಗುತ್ತದೆ? ಎರಡು ದಿನ ಯೋಚಿಸಿದರೂ ಹೊಳೆಯಲಿಲ್ಲ. ದಿನಕ್ಕೆರಡು ಸಲ ವೆಂಕಟಗಿರಿಯವರ ಫೋನು ಬರುತ್ತಿತ್ತು.

ಗುರುವಾರ ಮಧ್ಯಾಹ್ನ ಒಂದು ಫೈಲನ್ನು ಗೋಡೆಯ ಕಪಾಟಿನಲ್ಲಿ ಇಡಲು ಹೋದಾಗ ಮುನಿಯಪ್ಪ ಹಿಂದಿನಿಂದ ತಡೆದ.

"ಆ ಗೂಡಿಗೆ ಬೇಡಿ ಸಾರ್. ಕೆಂಪು ಚೀಟಿ ಕಾಣಲ್ವಾ? ಅದರ ಫೈಲು ಕೋರ್ಟಲ್ಲಿದೆ."

"ಖಾಲಿ ಇದೆಯಲ್ರೀ."

"ಹೋದ್ವರ್ಷನೂ ನೀವು ಹಿಂಗೇ ಮಾಡಿದ್ರಿ. ಅರ್ಧ ಫೈಲು ಕೋರ್ಟಿಗೆ ಹೋಗಿತ್ತು. ಉಳಿದರ್ಧ ತರಕ್ಕೆ ಓಡಿಬಂದು ಅದೇ ಗೂಡಿಗೆ ಕೈ ಹಾಕಿದೆ. ಅದನ್ನ ತೆಗೆದು ನೀವು ಸೈಕಲ್ ಕಳ್ಳನ ಫೈಲು ಇಟ್ಟಿದ್ರಿ. ನಾನು ನೋಡ್ದೆ ಅದನ್ನೇ ಕೊಟ್ಟೆ. ವರದಕ್ಷಿಣೆ ಕೇಸಲ್ಲಿ ಸೈಕಲ್ ಪಂಪು ಬಂತು. ಮ್ಯಾಜಿಸ್ಟ್ರೇಟರ ಮುಂದೆ ಬಾಯಿ ಬಿಟ್ಕೊಂಡು ನಿಂತಿದ್ದೆ. ಆಮೇಲೆ ತಾನೆ ಈ ಚೀಟಿ ಬಂದಿದ್ದು?"

ಲಕ್ಷ್ಮೀಪತಿ ಫೈಲು ಕೈಯಲ್ಲಿ ಹಿಡಿದುಕೊಂಡೇ ನಿಂತರು. ಒಂದು ಟೆಲಿಪ್ರಿಂಟರ್ ಮೊದಲ ಸಾಲು ಅಚ್ಚು ಮಾಡಿ ಎರಡನೆಯದಕ್ಕೆ ಗೂಡಿಗೆ ಕೈ ಹಾಕುವ ಗಳಿಗೆಯಲ್ಲೇ, ಇನ್ನೊಂದರ ನಂಬರಿಗಾಗಿ ಆ ಗೂಡು ಖಾಲಿಯಾದರೆ? ಓದಬೇಕಾದ್ದು ಸಿಗದೆ ಯಂತ್ರವೂ ಮುನಿಯಪ್ಪನಂತೆ ನಿಂತುಬಿಡುತ್ತದೆ. ಆ ಗೂಡಿಗೆ ಚೀಟಿ ಇಲ್ಲ. ಒಂದೇ ಟೆಲಿಪ್ರಿಂಟರ್ ಬಳಸುವವರಿಗೆ ಇದು ಎಂದೂ ಆಗುವುದಿಲ್ಲ.

ಶುಕ್ರವಾರ ಬೆಳಿಗ್ಗೆ 10.30, ಕಾರ್ಖಾನೆಯ ಕಂಪ್ಯೂಟರ್ ಕೋಣೆ. ಇಬ್ಬರು ಪಂಚರ ಎದುರು ತುಂಗಾ ಎರಡೂ ಕಡೆ ನಂಬರು ಕೊಟ್ಟಳು. 2347. 5175. ಏನೂ ಆಗಲಿಲ್ಲ. ಮತ್ತೆ ಕೊಟ್ಟಳು. ಹತ್ತನೇ ಸಲಕ್ಕೆ ವೆಂಕಟಗಿರಿ ಗಡಿಯಾರ ನೋಡಿಕೊಂಡರು. "ಇನ್ನೂ ಎಷ್ಟು ಹೊತ್ತು ಇನ್ಸ್‌ಪೆಕ್ಟ್ರೇ, ಈ ಪೂಜೆ?" ತುಂಗಾ ಮತ್ತೆ ನಂಬರು ಒತ್ತಿದಳು. ಇದು ಸುಳ್ಳಾದರೆ ಸಂಜೆಯೊಳಗೆ ಅವಳ ಬಂಧನ ಎಂಬುದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಹದಿನೇಳನೇ ಸಲ, 11.40ಕ್ಕೆ, ಎರಡೂ ಟೆಲಿಪ್ರಿಂಟರ್ ಒಟ್ಟಿಗೆ ಸ್ತಬ್ಧವಾದವು.

ಲಕ್ಷ್ಮೀಪತಿ ಪದ್ಮನಾಭನ ಕಡೆ ತಿರುಗಿದರು. "ಆ ಹಾಳೆಗಳಲ್ಲಿ ಈ ನಂಬರುಗಳೇ ಇದ್ದವು. ಅವು ಈಯಮ್ಮನ ಪರವಾದ ಸಾಕ್ಷಿ. ತನ್ನ ಸಾಕ್ಷಿನ ತಾನೇ ಕದೀತಾರಾ?"

ಪದ್ಮನಾಭ ಕನ್ನಡಕ ತೆಗೆದ, ಮತ್ತೆ ಹಾಕಿಕೊಂಡ. "ಮನೇಲಿದೆ ಸಾರ್."

ಮಧ್ಯಾಹ್ನ 2.30ಕ್ಕೆ ಬಸವೇಶ್ವರನಗರದ ಅವನ ಬಾಡಿಗೆ ಮನೆಯಲ್ಲಿ, ಅಕ್ಕಿ ಡಬ್ಬದ ಹಿಂದೆ ಹಾಳೆಗಳು ಸಿಕ್ಕವು. ಒಂದನ್ನೂ ಅವನು ಹರಿದಿರಲಿಲ್ಲ. ಅಂಚಿನ ತುಂಬ ಪೆನ್ಸಿಲಿನ ಲೆಕ್ಕ. ಕೊನೆಯ ಹಾಳೆಯಲ್ಲಿ 24, 24 ಎಂದು ಬರೆದು ಸುತ್ತ ಗೀಟು ಎಳೆದು, ನವೆಂಬರ್ 10 ಎಂದು ತಾರೀಖು ಹಾಕಿದ್ದ. ದೂರಿಗೆ ಮೂರು ದಿನ ಮುಂಚೆ.

"ಕಂಪ್ಯೂಟರಿಗೆ ಕೊಡೋ ಕಾರ್ಡಲ್ಲಿ ತೂತು ಹೊಡೀತಿದ್ದೋನು ನಾನು. ಸಂಜೆ ಕ್ಲಾಸಿಗೆ ಹೋಗಿ ಕಲಿತು ಇದನ್ನ ಬರೆದೆ. ತಪ್ಪು ನಂದು ಅಂದ್ರೆ ವಾಪಸ್ ಅಲ್ಲಿಗೇ ಕಳಿಸ್ತಾರೆ. ಗುಟ್ಟಾಗಿ ಸರಿಮಾಡೋಣ ಅಂತ ಹಾಳೆ ತಂದೆ. ಅಷ್ಟ್ರಲ್ಲಿ ಮ್ಯಾನೇಜರ್ ಬೀರು ತೆಗೆಸಿದ್ರು. ಬಾಯಿ ಬಿಡಕ್ಕೆ ಧೈರ್ಯ ಬರ್ಲಿಲ್ಲ."

"ತುಂಗಾ?"

ಅವನು ಹಾಳೆಗಳನ್ನು ಒಟ್ಟುಮಾಡಿ ಲಕ್ಷ್ಮೀಪತಿಯವರ ಕೈಗೆ ಕೊಟ್ಟ.

ಹಳೆಯ ಪ್ರೋಗ್ರಾಮಿನ ಟೇಪನ್ನು ವಶಪಡಿಸಿಕೊಂಡ ಮೇಲೆ, ದೆಹಲಿಯವರ ಮುಂದೆ ಯಂತ್ರ ನಿಲ್ಲಬಾರದೆಂದು ವೆಂಕಟಗಿರಿಯವರೇ ಕೇಳಿಕೊಂಡಿದ್ದರಿಂದ, ಅದರ ನಕಲನ್ನು ತಿದ್ದಲು ಪದ್ಮನಾಭನಿಗೆ ಎರಡು ಗಂಟೆ ಕೊಟ್ಟರು. ಕಾವಲಿಗೆ ಕೂತ ಮುನಿಯಪ್ಪ ಕೆಂಪು ಚೀಟಿಯ ಕತೆ ಹೇಳಿದ. "ಅದನ್ನೇ ಬರೀತಿದೀನಿ ಅಣ್ಣ" ಎಂದ ಪದ್ಮನಾಭ. ಓದುತ್ತಿರುವಷ್ಟು ಹೊತ್ತು ಗೂಡಿನ ಮೇಲೊಂದು ಗುರುತು. ಗುರುತು ಹೋಗುವ ತನಕ ಯಾರೂ ಅದನ್ನು ಖಾಲಿ ಮಾಡುವಂತಿಲ್ಲ. ಒಟ್ಟು ಹನ್ನೆರಡು ಸಾಲು. ಹಾಗೆ ಬಿಟ್ಟುಕೊಟ್ಟದ್ದು ಸರಿಯೇ ಎಂಬ ಅಳುಕಿನಲ್ಲೇ ಲಕ್ಷ್ಮೀಪತಿ ಆ ಎರಡು ಗಂಟೆಯನ್ನೂ ಕೇಸ್ ಡೈರಿಯಲ್ಲಿ ನಮೂದಿಸಿದರು. ಸಂಜೆ 5.20ಕ್ಕೆ ಪದ್ಮನಾಭನ ಬಂಧನ.

ಅಂದಿನಿಂದ ಏಳು ತಿಂಗಳು ಯಂತ್ರ ನಿಂತಿಲ್ಲ. ದೋಷ ಹೋಯಿತು ಎಂದು ಕಾರ್ಖಾನೆಯವರು ಹೇಳುತ್ತಾರೆ. ಆದರೆ ತುಂಗಾ ಈಗ ಕ್ಯೂ ಎಷ್ಟೇ ಬೆಳೆದರೂ ಎರಡನೇ ಟೆಲಿಪ್ರಿಂಟರನ್ನು ಮುಟ್ಟುವುದಿಲ್ಲ. ಮೊದಲನೆಯದು ಮುಗಿಯುವ ತನಕ ಕೈ ಕಟ್ಟಿಕೊಂಡು ನಿಂತಿರುತ್ತಾಳೆ. ಹಾಗಾಗಿ ಯಂತ್ರ ನಿಲ್ಲದಿರುವುದು ಆ ಹನ್ನೆರಡು ಸಾಲಿನಿಂದಲೋ, ಅವಳ ಹೆದರಿಕೆಯಿಂದಲೋ, ಗೊತ್ತಿಲ್ಲ.