ಖಾಲಿ ನಳಿಗೆಯ ಗೆರೆ

"ಅಲ್ಲೇ ನಿಲ್ರೀ...!"

ಆ ಕೂಗಿಗೆ ಇಡೀ ಕಟ್ಟಡ ಅಡಿಪಾಯ ಸಮೇತ ಒಂದು ಗೇಣು ಮೇಲೆದ್ದು ಕೂತಿತು. ನಂಬದಿದ್ದರೆ ಅರ್ಧ ಗೇಣಾದರೂ ನಂಬಿ!

ಬಾಗಿಲಲ್ಲಿ ಅವಳು. ಕೈಯಲ್ಲಿ ಕಡ್ಡಿಯಷ್ಟು ಸಣ್ಣ ಸ್ಫಟಿಕದ ನಳಿಗೆ, ಅದರೊಳಗೆ ಜೌಗುನೆಲದ ಕಪ್ಪು ಮಣ್ಣು. ಒಳಗೆ ಆನೆಗಾತ್ರದ ಅಯಸ್ಕಾಂತದ ಯಂತ್ರ, ಅದನ್ನು ನಡೆಸುವ ಅವನು.

"ವಾಚ್ ಬಿಚ್ಚಿಟ್ಟು ಬನ್ನಿ. ಈ ಅಯಸ್ಕಾಂತ ನುಂಗಿಬಿಡುತ್ತೆ."

"ನಿಮ್ಮನ್ನ ಯಾಕೆ ಇನ್ನೂ ನುಂಗಿಲ್ಲ?"

"ಕಹಿ ಅಂತ ಉಗುಳಿಬಿಡ್ತು."

ನಗಬಾರದೆಂದು ಅವಳು ತುಟಿ ಕಚ್ಚಿದಳು. ಪ್ರಯೋಜನವಾಗಲಿಲ್ಲ!

ಅವಳು ಸಂಶೋಧಕಿ. ಕೊಳೆತ ಎಲೆ, ಬೇರುಗಳಿಂದಾದ ಆ ಮಣ್ಣಿನಲ್ಲಿ ಜೊತೆಯಿಲ್ಲದ ಎಲೆಕ್ಟ್ರಾನುಗಳಿರುತ್ತವೆ. ಬೇರೆ ಕಡೆ ಅಂಥವು ಜೊತೆಗಾಗಿ ಸಿಕ್ಕಸಿಕ್ಕವರ ಮೇಲೆ ಬೀಳುತ್ತವೆ. ಈ ಮಣ್ಣಿನಲ್ಲಿ ಮಾತ್ರ ಯುಗಗಟ್ಟಲೆ ಒಂಟಿಯಾಗಿ ಕಾಯುತ್ತವೆ. ಯಂತ್ರದಲ್ಲಿಟ್ಟರೆ ಪರದೆಯ ಮೇಲೆ ಗೆರೆಯಾಗಿ ಏಳುತ್ತವೆ. ಅತಿನೇರಳೆ ಬೆಳಕು ಹಾಯಿಸಿದರೆ ಆ ಗೆರೆ ಮುಗಿಲು ಮುಟ್ಟುತ್ತದೆ! ಇದೇ ಅವಳ ಆವಿಷ್ಕಾರ. "ನಿಜವಾದ್ರೆ ಇಲ್ಲಿರು, ಇಲ್ಲಾಂದ್ರೆ ಗಂಟುಮೂಟೆ ಕಟ್ಟು," ಎಂದಿದ್ದರು ಅವಳ ಸಂಶೋಧನೆಯ ಗೈಡ್.

ಪ್ರಯೋಗಾಲಯವೆಲ್ಲ ಅವಳನ್ನು ಕೆಸರಕ್ಕ ಎನ್ನುತ್ತಿತ್ತು. ಅವನೊಬ್ಬ ಮಾತ್ರ ಅಪ್ಪಿತಪ್ಪಿಯೂ 'ಅಕ್ಕ' ಎನ್ನಲಿಲ್ಲ...

ಅವಳು ಅದನ್ನು ಗಮನಿಸದೇ ಇರಲಿಲ್ಲ.

ಒಂದು ಬೆಳಿಗ್ಗೆ ಗೈಡ್ ಕರೆದರು. "ಖಾಲಿ ನಳಿಗೆನೂ ಪರೀಕ್ಷೆ ಮಾಡಿದ್ದೆ ತಾನೆ?"

"ಮಾಡಿದ್ದೆ ಸರ್."

"ಬೆಳಕು ಹಾಯಿಸಿ?"

ಅವಳು ಬೆಳಕು ಹಾಯಿಸದೆ ಮಾಡಿದ್ದಳು!

"ನಿನ್ನೆ ಯಂತ್ರದ ಕೋಣೇಲಿ ನೋಡಿದೆ ಕಣಮ್ಮಾ. ಬೆಳಕು ಬಿದ್ರೆ ಖಾಲಿ ನಳಿಗೆಯೇ ಆ ಗೆರೆ ಕೊಡುತ್ತೆ. ನಿನ್ನ ಮಣ್ಣಿಂದು ಅದರಲ್ಲಿ ಏನೂ ಇಲ್ಲ."

ಯಂತ್ರದ ಕೋಣೆ ಎಂದರೆ ಅವನು. ಚಾಡಿ ಹೇಳಿದವನೂ ಅವನೇ...! ಅವಳ ಸಿಟ್ಟಿಗೆ ಏಳು ಸಮುದ್ರಗಳು ಕುದಿದು ಬತ್ತಿಹೋಗಬೇಕಿತ್ತು. ಬತ್ತಿದ್ದು ಅವಳ ಮುಖವೊಂದೇ.

ಕೊನೆಯ ದಿನ ಮಣ್ಣಿನ ಡಬ್ಬಿಗಳನ್ನು ತರಲು ಯಂತ್ರದ ಕೋಣೆಗೆ ಹೋದಳು. ಅಭ್ಯಾಸಬಲದಿಂದ ವಾಚನ್ನು ಬಾಗಿಲ ಬಳಿ ಬಿಚ್ಚಿಟ್ಟಳು. ಅವನು ಬರ್ನರಿನ ಉರಿಯಲ್ಲಿ ನಳಿಗೆಯೊಂದನ್ನು ಕಾಯಿಸುತ್ತಿದ್ದ. ಬೆರಳ ತುಂಬ ಸುಟ್ಟ ಬೊಬ್ಬೆ.

"ಗೈಡ್ ಹತ್ರ ಹೇಳಿ ಸಮಾಧಾನ ಆಯ್ತಾ?"

"ನಾನು ಹೇಳ್ಲಿಲ್ಲ. ಪರೀಕ್ಷೆ ಮಾಡ್ತಿರುವಾಗ ಅವರೇ ಬಂದುಬಿಟ್ರು." ಅವನು ಬರ್ನರ್ ಆರಿಸಿದ. "ನನಗೆ ನಳಿಗೆ ಮೇಲೇ ಅನುಮಾನ ಬಂದಿತ್ತು. ಒಂದಾದ್ರೂ ನಳಿಗೆ ಗೆರೆ ಕೊಡದೆ ಸುಮ್ಮನಿದ್ರೆ, ಅದರಲ್ಲಿ ನಿಮ್ಮ ಮಣ್ಣು ಹಾಕಿ ಮತ್ತೆ ನೋಡೋಣ ಅಂತ... ಉಗ್ರಾಣದಲ್ಲಿದ್ದಿದ್ದೆಲ್ಲ ಕಾಯಿಸಿ ಶುದ್ಧ ಮಾಡಿ ನೋಡಿದೆ. ಇದೇ ಕೊನೇದು."

'ದೇವರೇ, ನಾನು ಇವನನ್ನ ಏನಂದ್ಕೊಂಡೆ...'

ಇಬ್ಬರೂ ಸೇರಿ ಖಾಲಿ ನಳಿಗೆಯನ್ನು ಯಂತ್ರಕ್ಕಿಟ್ಟರು. ಬೆಳಕು ಹಾಯಿಸಿದರು. ಪರದೆಗೆ ಕಣ್ಣು ನೆಟ್ಟರು.

ಗೆರೆ ಎದ್ದಿತು. ಮೂರು ಲೋಕದಲ್ಲೇ ಅಷ್ಟು ನಿರ್ದಯವಾದ ಗೆರೆ ಇನ್ನೊಂದಿಲ್ಲ.

"ಮುಗೀತು," ಎಂದಳು. "ನಾಳೆ ಹೊರಡ್ತೀನಿ."

"ಗೊತ್ತು... ನಿಮ್ಮ ಗೆರೆ ಉಳಿಸಿದ್ರೆ ನೀವು ಉಳೀತೀರಾ ಅಂತ ಆಸೆಯಿತ್ತು. ನಂಗೆ ನೀವಂದ್ರೆ ಪ್ರಾಣ ಕಣ್ರೀ."

"ಹೇಳೋಕೆ ಇವತ್ತೇ ಬೇಕಿತ್ತಾ?" ಅವಳ ಕಣ್ಣು ತುಂಬಿ ಹರಿಯಿತು. "ನಂಗೂ ಅಷ್ಟೇ..."

ಅವನು ಬಾಗಿಲ ಬಳಿಯಿಂದ ವಾಚ್ ತಂದ. ಬೊಬ್ಬೆಯೆದ್ದ ಬೆರಳುಗಳಿಂದ ಅವಳ ಮಣಿಕಟ್ಟು ಹಿಡಿದ. "ಇನ್ಮೇಲೆ ಇದನ್ನ ಬಿಚ್ಚೋ ಕಷ್ಟ ಇಲ್ಲ ನಿಮಗೆ."

ಅವಳು ಅವನ ಕೈ ತಡೆದಳು.

"ಕಟ್ಟಬೇಡಿ... ಸಂಜೆವರೆಗೂ ನಾನಿನ್ನೂ ಇಲ್ಲಿಯವಳೇ."

"ಹ್ಞೂಂ," ಎಂದು ಅವನು ವಾಚನ್ನು ಮತ್ತೆ ಬಾಗಿಲಾಚೆ ಇಟ್ಟು ಬಂದ.