ಅಲ್ಲಾಡದ ನೀರು

"ನಿಲ್ಸ್ರೀ ಆ ಯಂತ್ರಾನ...! ನಿಲ್ಸಿ ಅಂದೆ!"

ಬೀದಿಯ ಟಾರು ಒಡೆಯುತ್ತಿದ್ದ ಯಂತ್ರದ ಎದುರಿಗೇ ಬಂದು ನಿಂತಿದ್ದಳು ಅವಳು. ಕೂದಲ ತುಂಬ ಧೂಳು, ಕಣ್ಣಲ್ಲಿ ಕೆಂಡ.

ಹೊಸ ಲೈಟ್ ರೈಲಿನ ಹಳಿ ಹಾಕಿಸುತ್ತಿದ್ದ ಎಂಜಿನಿಯರ್ ಗಾಬರಿಯಿಂದ ಓಡಿ ಬಂದ. "ಏನಾಯ್ತು ಮೇಡಂ? ಯಾರಿಗಾದ್ರೂ ಪೆಟ್ಟಾಯ್ತಾ?"

"ನಮ್ಮಪ್ಪನ ಸ್ಪ್ರಿಂಗ್ ಹಾರಿಹೋಯ್ತು!"

ಅವನು ಬೆಪ್ಪಾದ.

ಗಡಿಯಾರ ರಿಪೇರಿಯ ಆ ಪುಟ್ಟ ಅಂಗಡಿಯೊಳಗೆ ಹೋದ ಮೇಲೇ ಅವನಿಗೆ ಅರ್ಥವಾದದ್ದು. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡ ಮುದುಕರು ಚಿಮಟ ಹಿಡಿದು ಕೂತಿದ್ದರು. ಚಿಮಟದ ತುದಿ ಖಾಲಿ. ಅವನು ಹೆಲ್ಮೆಟ್ ತೆಗೆದಿಟ್ಟು ನೆಲಕ್ಕೆ ಮಂಡಿಯೂರಿ ಹುಡುಕಿದ. ಮೇಜಿನ ಕೆಳಗೆ, ಕುರ್ಚಿಯ ಹಿಂದೆ... ಎಲ್ಲೂ ಇಲ್ಲ. ತಲೆ ಎತ್ತಿದವನು ಥಟ್ಟನೆ ಸ್ತಬ್ಧನಾದ.

"ಮೇಡಂ... ಅಲುಗಾಡಬೇಡಿ."

ಕೂದಲೆಳೆಯಂಥ ಸ್ಪ್ರಿಂಗು ಅವಳ ತೋಳಿನ ಮಡಿಕೆಯಲ್ಲೇ ಕೂತಿತ್ತು!

"ಕಳ್ಳೀನ ಮನೇಲೇ ಇಟ್ಕೊಂಡು ಬೀದಿಯವರ ಮೇಲೆ ಜಗಳಕ್ಕೆ ಹೋದ್ಯಲ್ಲ ಪುಟ್ಟಿ," ಎಂದು ಅಪ್ಪ ನಕ್ಕರು.

ಅವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಅಪ್ಪನ ಮೇಜಿನ ಮೇಲೆ ಅಂಚಿನವರೆಗೂ ನೀರು ತುಂಬಿದ ಗಾಜಿನ ಲೋಟ ಸದಾ ಇರುತ್ತಿತ್ತು. ಅದು ಕುಡಿಯಲಿಕ್ಕಲ್ಲ. ನೀರು ನಡುಗಿದರೆ ಅಪ್ಪ ಚಿಮಟ ಮೇಲೆತ್ತಿ ಕಾಯುತ್ತಿದ್ದರು. ನಡುಕ ನಿಂತ ಮೇಲೇ ಮತ್ತೆ ಕೆಲಸ.

"ಲಾರಿ ಆದ್ರೆ ಬಂದು ಹೋಗುತ್ತೆ, ಕಾಯ್ತೀನಿ. ನಿಮ್ಮ ರೈಲು ದಿನವಿಡೀ ಓಡುತ್ತಲ್ಲಪ್ಪ... ಆಗ ಏನ್ಮಾಡ್ಲಿ? ಅಂಗಡಿ ಮುಚ್ಲಾ?"

ಅವನು ಲೋಟವನ್ನೇ ನೋಡುತ್ತ ನಿಂತ. "ರೈಲು ಓಡುವಾಗ ಈ ನೀರು ಅಲ್ಲಾಡಲ್ಲ ಸರ್."

"ಅಲ್ಲಾಡಿದ್ರೆ?"

ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟ. "ಇದು ನಿಮ್ದು. ಪಂದ್ಯ!"

ಅಂದಿನಿಂದ ಸಂಜೆಯಾದರೆ ಸಾಕು, ಪಂದ್ಯಕ್ಕಿಟ್ಟ ವಾಚು ಹೇಗಿದೆ ಎಂದು ಕೇಳುವ ನೆಪದಲ್ಲಿ ಹಾಜರಾಗುತ್ತಿದ್ದ. ಅಪ್ಪ ಅವನಿಗೆ 'ಗುಂಡಿ ರಾಯರು' ಎಂದೇ ಹೆಸರಿಟ್ಟರು.

"ರಾಯರ ವಾಚಿಗೆ ಯಾವ ಕಾಯಿಲೇನೂ ಇಲ್ಲ ಪುಟ್ಟಿ. ಕಾಯಿಲೆ ಇರೋದು ರಾಯರಿಗೇ!"

"ಅಪ್ಪಾ... ಸುಮ್ನಿರಿ!"

ಬೈದಳು, ನಿಜ. ಆದರೆ ಸಂಜೆ ಅವನ ಬೂಟಿನ ಸದ್ದು ಕೇಳದಿದ್ದರೆ ಅವಳ ಮನಸ್ಸು ಕೆಲಸದಲ್ಲಿ ನಿಲ್ಲುತ್ತಿರಲಿಲ್ಲ.

ಆದರೆ... ಪಕ್ಕದ ಅಂಗಡಿಗಳ ಮುಂದೆಲ್ಲ ಹಳಿ ಕೂತು, ಕಾಂಕ್ರೀಟು ಒಣಗಿ, ಜನ ಓಡಾಡತೊಡಗಿದರೂ ಅವರ ಅಂಗಡಿಯ ಮುಂದಿನ ಗುಂಡಿ ಮಾತ್ರ ಮುಚ್ಚಲಿಲ್ಲ. ಇನ್ನಷ್ಟು ಆಳವಾಯಿತು.

"ನಮ್ಮದೊಂದೇ ಯಾಕೆ ಹೀಗೆ?"

"ಸ್ವಲ್ಪ ತಡ್ಕೊಳ್ಳಿ. ರೈಲು ಓಡಿದ ದಿನ ಹೇಳ್ತೀನಿ," ಎಂದು ನಕ್ಕಿದ್ದ.

ಒಂದು ಮಧ್ಯಾಹ್ನ ಅಪ್ಪನ ಕೈಯಿಂದ ಚಿಮಟ ಜಾರಿತು. ಎದೆ ಹಿಡಿದುಕೊಂಡು ಹಾಗೇ ಮೇಜಿಗೆ ಒರಗಿದರು. ಆಂಬುಲೆನ್ಸು ಬಂತು, ಆದರೆ ಗುಂಡಿ ದಾಟಲಾರದೆ ಆಚೆಯೇ ನಿಂತುಬಿಟ್ಟಿತು. ಹಲಗೆಗಳ ಮೇಲೆ ಅಪ್ಪನನ್ನು ಹೊತ್ತು ದಾಟಿಸಿದವನು ಅವನೇ.

"ಇನ್ನೊಂಚೂರು ಬೇಗ ತಂದಿದ್ರೆ..." ಡಾಕ್ಟರು ಮಾತು ಮುಗಿಸಲಿಲ್ಲ.

ಆಸ್ಪತ್ರೆಯ ಬಾಗಿಲಲ್ಲೇ ಅವಳು ಅವನ ಮೇಲೆ ಹರಿಹಾಯ್ದಳು. "ನಿಮ್ಮ ಗುಂಡಿ ನಮ್ಮಪ್ಪನ್ನ ನುಂಗ್ತು! ಇನ್ಮೇಲೆ ನಮ್ಮ ಹೊಸ್ತಿಲು ತುಳೀಬೇಡಿ!"

ಅವನು ತಲೆ ತಗ್ಗಿಸಿ ಹೊರಟುಹೋದ.

ಅಂಗಡಿ ಎಷ್ಟೋ ದಿನ ಮುಚ್ಚಿತ್ತು. ಮತ್ತೆ ತೆರೆದಾಗ ಗುಂಡಿ ಇರಲಿಲ್ಲ, ಅವನೂ ಇರಲಿಲ್ಲ. ಅಪ್ಪನ ಮೇಜಿಗೆ ಅವಳೇ ಕೂತಳು. ಬೆಳಿಗ್ಗೆ ಲೋಟಕ್ಕೆ ನೀರು ತುಂಬಿಸುವಾಗ ಮಾತ್ರ ಕಣ್ಣೂ ತುಂಬುತ್ತಿತ್ತು.

ಪರೀಕ್ಷೆಯ ರೈಲು ಬಂದದ್ದು ಒಂದು ಮುಂಜಾನೆ. ಜನರ ಬದಲು ಮರಳಿನ ಮೂಟೆ ಹೇರಿಕೊಂಡು, ಗಂಟೆ ಬಾರಿಸುತ್ತ ಬಾಗಿಲ ಮುಂದೆಯೇ ಹಾದುಹೋಯಿತು. ಅವಳು ಅದರತ್ತ ತಿರುಗಿಯೂ ನೋಡಲಿಲ್ಲ.

ಪಕ್ಕದ ಪಾತ್ರೆ ಅಂಗಡಿಯ ಅಕ್ಕ ಏದುಸಿರು ಬಿಡುತ್ತ ಬಂದಳು. "ಅಯ್ಯೋ, ನಮ್ಮ ತಟ್ಟೆಗಳೆಲ್ಲ ಗಲಗಲ ಅಂತ ಕುಣಿದ್ವು ಕಣೇ! ನಿಮ್ಮಲ್ಲಿ?"

ಅವಳು ಲೋಟದತ್ತ ನೋಡಿದಳು.

ಅಂಚಿನವರೆಗೂ ತುಂಬಿದ್ದ ನೀರು. ಮೇಜಿನ ಮೇಲೆ ಒಂದು ಹನಿಯೂ ಚೆಲ್ಲಿರಲಿಲ್ಲ...

"ನಿಮ್ಮಲ್ಲಿ ಹೇಗೆ ಕುಣಿಯುತ್ತೆ ಬಿಡು. ಆ ಹುಡುಗ ನಿಮ್ಮ ಬಾಗಿಲ ಮುಂದೆ ಮಾತ್ರ ಅಷ್ಟುದ್ದ ದಪ್ಪ ರಬ್ಬರು ಹಾಸಿ, ಅದರ ಮೇಲೆ ಹಳಿ ಕೂರಿಸ್ದ. ನೀನು ಬಾಗಿಲು ಹಾಕ್ಕೊಂಡಿದ್ದೆ. 'ರೈಲಿಗೂ ಹಾಸಿಗೆ ಬೇಕೇನಪ್ಪಾ' ಅಂತ ನಾನು ರೇಗಿಸ್ದೆ. 'ಅದಕ್ಕೇ ಆಳ ಅಗೆಸಿದ್ದು ಅಕ್ಕ, ಮಾತು ಕೊಟ್ಟಿದ್ದೆ' ಅಂದ. ಅಳ್ತಿದ್ದ ಕಣೇ..."

ಅಪ್ಪ ಹೋದ ಮೇಲೂ... ಅಪ್ಪನಿಗೆ ಕೊಟ್ಟ ಮಾತಿಗಾಗಿ...?

ಮೇಜಿನ ಡ್ರಾಯರಿನಲ್ಲಿದ್ದ ವಾಚು ತೆಗೆದುಕೊಂಡು ಹಳಿಯ ಪಕ್ಕದಲ್ಲೇ ಓಡಿದಳು.

ಬೀದಿಯ ತುದಿಯಲ್ಲಿ ನಿಂತ ರೈಲಿನ ಪಕ್ಕ ಅವನೊಬ್ಬನೇ ಇದ್ದ. ಸೊರಗಿಹೋಗಿದ್ದ.

"ನೀರು ಅಲ್ಲಾಡ್ಲಿಲ್ಲ," ಎಂದಳು. "ಪಂದ್ಯ ನೀವು ಗೆದ್ರಿ."

ಅವನ ಕಣ್ಣು ತುಂಬಿ ಬಂತು. "ಯಾರ ಮುಂದೆ ಗೆದ್ದೆ...?"

"ಅವತ್ತೇ ಯಾಕೆ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ಅವರ ಅಂಗಡಿ ಉಳೀಲಿ ಅಂತ ಅಗೆಸಿದ ಗುಂಡಿಯಿಂದ್ಲೇ ಆಂಬುಲೆನ್ಸು ನಿಂತ್ಹೋಯ್ತು. ನೀವಂದಿದ್ದು ಸುಳ್ಳಲ್ವಲ್ಲ..."

ಸುಳ್ಳೆಂದು ಅವಳಿಗೂ ಹೇಳಲಾಗಲಿಲ್ಲ. ಇಬ್ಬರೂ ಬಹಳ ಹೊತ್ತು ಅತ್ತರು.

"ನಾನು ಸಂಜೆ ಆದ್ರೆ ಈಗ್ಲೂ ಬೂಟಿನ ಸದ್ದಿಗೆ ಕಾಯ್ತೀನಿ," ಎಂದಳು ಕೊನೆಗೆ. "ನಿಮ್ಮ ಮೇಲೆ ಕೋಪ ಇದ್ದಾಗ್ಲೂ ಕಾಯ್ತಿದ್ದೆ. ಗೊತ್ತಾ?"

ಅವನು ಮೆಲ್ಲಗೆ ಅವಳ ಕೈ ಹಿಡಿದ. "ನಾನು ದಿನಾ ಆ ಬೀದಿ ಮೂಲೆವರೆಗೂ ಬಂದು ವಾಪಸ್ ಹೋಗ್ತಿದ್ದೆ."

ಅವಳು ವಾಚು ಚಾಚಿದಳು. "ನಿಂತುಹೋಗಿದೆ."

"ಕೆಟ್ಟಿದ್ಯಾ?"

"ಇಲ್ಲ. ಕೀ ಕೊಡೋಕೆ ಮನಸ್ಸು ಬರ್ಲಿಲ್ಲ. ಅಂಗಡಿಗೆ ಬನ್ನಿ, ಅಪ್ಪನ ಮೇಜಿನ ಮೇಲಿಟ್ಟು ಕೊಡ್ತೀನಿ."

"ಹೊಸ್ತಿಲು ತುಳೀಬೇಡಿ ಅಂದಿದ್ರಲ್ಲ..."

ಅವಳು ಅಳುವಿನ ನಡುವೆಯೇ ನಕ್ಕಳು.

"ತುಳೀಬೇಡಿ. ದಾಟಿ ಬನ್ನಿ!"