ಹೇಮಗುಡ್ಡದ ಅಡ್ಡರಸ್ತೆಯಲ್ಲಿ ನಿಂತವರು

ಮೂರನೇ ರೊಟ್ಟಿ ಹಂಚಿನ ಮೇಲಿತ್ತು. ನನ್ನ ಎರಡೂ ಕೈ ಹಿಟ್ಟು.

ಹಿಂದಿನಿಂದ ಯಾರದೋ ಕೈ ಬಂದು ಗ್ಯಾಸ್ ಆರಿಸಿತು.

ತಿರುಗಿದೆ. ಅಡುಗೆಮನೆಯಲ್ಲಿ ಇಬ್ಬರು ಗಂಡಸರು. ಒಬ್ಬ ಕೊರಳಿಗೆ ಕರವಸ್ತ್ರ ಕಟ್ಟಿದ್ದ. ಇನ್ನೊಬ್ಬ ಬೆರಳಲ್ಲಿ ಗಾಡಿಯ ಕೀ ತಿರುಗಿಸುತ್ತಿದ್ದ. ಹೊರಗೆ ಬಿಳಿ ಕ್ರೂಸರ್, ಎಂಜಿನ್ ಚಾಲೂ. ಅವರ ಬೆನ್ನ ಹಿಂದೆ, ಪಡಸಾಲೆಯಲ್ಲಿ, ನನ್ನ ಮಗಳು ಐಶ್ವರ್ಯ. ಒಂದು ಜಡೆ ಹೆಣೆದಿತ್ತು, ಇನ್ನೊಂದು ಬಿಚ್ಚಿತ್ತು. ಬಾಯಲ್ಲಿ ರಿಬ್ಬನ್.

ನನಗೂ ಅವಳಿಗೂ ನಡುವೆ ಆ ಇಬ್ಬರು.

ಅರಿವೆ ಸುತ್ತಿ ಹಂಚು ಎತ್ತಿಕೊಂಡೆ. ಕಾದ ಕಬ್ಬಿಣ. ಮಾತಿಗಿಂತ ಬೇಗ ಅರ್ಥವಾಗುತ್ತದೆ.

ಕರವಸ್ತ್ರದವನು ಒಂದು ಹೆಜ್ಜೆ ಹಿಂದೆ ಸರಿದ.

“ಸಿಟ್ಟಾಗಬ್ಯಾಡ್ರಿ ಅಕ್ಕಾರ. ಕಳಕಪ್ಪಣ್ಣಾರು ಕಳಿಸ್ಯಾರ. ಆ ಸೈಕಲ್ ರೇಸಿನ ವಿಷಯ ಬಿಡಬೇಕಂತ.”

“ಬಿಡದಿದ್ರ?”

“ಹುಡುಕ್ರಿ. ಸಿಕ್ಕರ ಅಳೂದು ನೀವ.”

ಬಂದ ದಾರಿಯಲ್ಲೇ ಹೋದರು. ನಾನು ಗ್ಯಾಸ್ ಹಚ್ಚಿ ಉಳಿದ ರೊಟ್ಟಿ ಬಡಿದೆ. ಒಂದೂ ದುಂಡಗೆ ಬರಲಿಲ್ಲ. ಆಮೇಲೆ ಮಗಳ ಎರಡನೇ ಜಡೆ ಹೆಣೆದೆ. ಅವಳು ಹೆದರಿದಂತೆ ಕಾಣಲಿಲ್ಲ. ಅದೇ ನನಗೆ ಹೆದರಿಕೆ. ಎಂಟು ವರ್ಷದ ಹುಡುಗಿ ಹನ್ನೆರಡು ದಿನದಿಂದ ಸರಿಯಾಗಿ ಉಂಡಿರಲಿಲ್ಲ, ಜಗಳವಾಡಿರಲಿಲ್ಲ. ಏನೋ ಕೇಳಲು ಬಾಯಿ ತೆರೆಯುವಳು... ಮುಚ್ಚುವಳು. ರೇಸ್ ನೋಡಲು ಹೋದವಳು ಹೆಣ ನೋಡಿ ಬಂದಿದ್ದಾಳೆ, ತಾನಾಗಿ ಇಳಿಯುತ್ತದೆ ಅಂದುಕೊಂಡಿದ್ದೆ.

ಶಾಲೆಗೆ ನಾನೇ ಬಿಟ್ಟೆ. ಮೆಹಜಬೀನ ಟೀಚರಿಗೆ ಹೇಳಿದೆ, ನಾನು ಬರುವ ತನಕ ಯಾರ ಕೈಗೂ ಕೊಡಬೇಡಿ ಅಂತ. ಅವರು ನನ್ನ ಮುಖ ನೋಡಿ ಮಗಳ ಕೈ ಹಿಡಿದುಕೊಂಡರು.

ಈಗ ನನ್ನ ವಿಷಯ ಕೇಳಿ. ನಾನು ರೇಣುಕಮ್ಮ. ಹನ್ನೊಂದು ವರ್ಷ ಹೋಮ್‌ಗಾರ್ಡ್ ಖಾಕಿ ತೊಟ್ಟವಳು. ಈಗ ಗಂಗಾವತಿಯ ವಕೀಲ ಅಬ್ದುಲರೌಫ ಸಾಹೇಬರ ಬಳಿ ಕೆಲಸ. ಅಪಘಾತದ ಕೇಸುಗಳಲ್ಲಿ ಬಾಯಿ ಬಿಡದ ಸಾಕ್ಷಿಗಳನ್ನು ಹುಡುಕಿ ತರುವುದು. ಪೊಲೀಸರಿಗೆ ಹೇಳದ್ದನ್ನು ಜನ ಕಾಯಿಪಲ್ಯದ ಚೀಲ ಹಿಡಿದ ಹೆಂಗಸಿಗೆ ಹೇಳುತ್ತಾರೆ.

ಕೇಸು ಇದು. ಹನ್ನೆರಡು ದಿನದ ಹಿಂದಿನ ಭಾನುವಾರ ಹಿಟ್ನಾಳದಿಂದ ಗಂಗಾವತಿಗೆ ಸೈಕಲ್ ರೇಸ್. ನಡೆಸಿದ್ದು ಗುತ್ತಿಗೆದಾರ ಕಳಕಪ್ಪನ ಯುವಕ ಸಂಘ. ರಸ್ತೆ ಮುಚ್ಚಿರಲಿಲ್ಲ. ಬಸ್ಸು, ಲಾರಿ, ಭತ್ತದ ಟ್ರ್ಯಾಕ್ಟರ್... ಅವುಗಳ ನಡುವೆಯೇ ನಲವತ್ತು ಸೈಕಲ್. ಹೇಮಗುಡ್ಡದ ಕಡೆಯ ಅಡ್ಡರಸ್ತೆಯಿಂದ ದುರುಗಪ್ಪ ಎಂಬ ಕೂಲಿ ಡ್ರೈವರನ ಟ್ರ್ಯಾಕ್ಟರ್ ಬಂತು. ಇಪ್ಪತ್ತೇಳನೇ ನಂಬರಿನ ಪರಮೇಶ ಟ್ರೇಲರಿನ ಕೆಳಗೆ ಹೋದ.

ಹದಿನಾರು ವರ್ಷ.

ಅವನ ತಾಯಿ ಭೀಮಕ್ಕ ನಾಟಿ ಕೂಲಿಗೆ ಹೋಗುವವಳು. ಸಂಘದವರು ಅವಳಿಂದ ಒಂದು ಕಾಗದಕ್ಕೆ ಹೆಬ್ಬೆಟ್ಟು ಹಾಕಿಸಿದ್ದರು. ಮಗನಿಗೆ ಏನಾದರೂ ಆದರೆ ನಾನೇ ಜವಾಬ್ದಾರಿ ಅಂತ. ನಂಬರಿನ ಬನಿಯನ್ ಕೊಡಲು ಹೆಬ್ಬೆಟ್ಟು ಬೇಕು ಅಂದರಂತೆ. ಅವಳು ಒತ್ತಿದಳು. ಮಗನಿಗೆ ಹೊಸ ಬನಿಯನ್ ಅಂದರೆ ಯಾವ ತಾಯಿ ಒತ್ತುವುದಿಲ್ಲ?

ದುರುಗಪ್ಪ ಕೊಪ್ಪಳದ ಜೈಲಿನಲ್ಲಿ. ಮೆರವಣಿಗೆಯ ಮೇಲೆ ಬೇಕಂತಲೇ ಗಾಡಿ ನುಗ್ಗಿಸಿದ ಅಂತ ದೊಡ್ಡ ಕಲಂ ಹಾಕಿದ್ದರು. ಕ್ರೂಸರಿನವರು ಬಂದು ಹೋದ ಮರುದಿನವೇ ಜಾಮೀನು ಅರ್ಜಿಯ ವಿಚಾರಣೆ. ಅಬ್ದುಲರೌಫ ಸಾಹೇಬರು ಅವನ ವಕೀಲರು. ಅವರು ನನಗೆ ಲೆಕ್ಕ ಬಿಡಿಸಿ ಹೇಳಿದ್ದರು. ಕಳಕಪ್ಪ ಪರವಾನಗಿ ತೆಗೆದುಕೊಂಡದ್ದು ಪರಿಸರ ಜಾಥಾಕ್ಕೆ. ನಡೆಸಿದ್ದು ಪಂದ್ಯ. ಪಂದ್ಯ ಅಂದರೆ ರಸ್ತೆ ಮುಚ್ಚಬೇಕು, ಆಂಬುಲೆನ್ಸ್ ಬೇಕು, ಪ್ರತಿ ಅಡ್ಡರಸ್ತೆಗೆ ಬಾವುಟ ಹಿಡಿದ ಆಳು ಬೇಕು. ತಾಯಿಯ ಹೆಬ್ಬೆಟ್ಟಿನಿಂದ ಆ ಹೊಣೆ ತಪ್ಪುವುದಿಲ್ಲ. ಆದರೆ ಕಳಕಪ್ಪ ರೇಸೇ ಇರಲಿಲ್ಲ, ಬಾವುಟದವರೂ ಇರಲಿಲ್ಲ ಅನ್ನುತ್ತಿದ್ದ.

“ರೇಣುಕಮ್ಮ, ಆ ಅಡ್ಡರಸ್ತ್ಯಾಗ ಬಾವುಟ ಹಿಡದವನ ಹೆಸರು ಬೇಕು. ಒಂದ ಒಂದು ಹೆಸರು.”

ಅದಕ್ಕೇ ಆ ದಿನ ನನ್ನ ಸ್ಕೂಟಿ ಹಿಟ್ನಾಳದ ಕಡೆ ಓಡುತ್ತಿತ್ತು.

ಕಳಕಪ್ಪ ಜಾಣ, ಹೆಸರುಗಳನ್ನು ಎಲ್ಲೂ ಬರೆದಿಡಲಿಲ್ಲ. ಆದರೆ ನಮ್ಮ ಕಡೆ ಜನ ಬಿಸಿಲಲ್ಲಿ ಸುಮ್ಮನೆ ನಿಲ್ಲುವುದಿಲ್ಲ. ಮೈಕಿನಲ್ಲಿ ಹೆಸರು ಕರೆಯಬೇಕು, ಕೊರಳಿಗೊಂದು ಶಾಲು ಬೀಳಬೇಕು. ಆಗ ಮಧ್ಯಾಹ್ನದ ತನಕ ನಿಲ್ಲುತ್ತಾರೆ. ಅಂದ ಮೇಲೆ ಯಾರೋ ಮೈಕ್ ಹಿಡಿದು ಆ ಹೆಸರುಗಳನ್ನು ಕರೆದಿರಲೇಬೇಕು. ಇದು ಹೊಳೆಯಲು ನನಗೆ ಹನ್ನೆರಡು ದಿನ ಹಿಡಿಯಿತು. ಬಟ್ಟೆ ಒಗೆಯುವಾಗ ಹೊಳೆಯಿತು.

ಕರೆದವನು ವೆಂಕೋಬ. ಹಿಟ್ನಾಳದಲ್ಲಿ ಮೈಕ್ ಸೆಟ್ಟಿನ ಅಂಗಡಿ. ರೇಸಿನ ಮುಂದೆ ಹೋದ ಜೀಪಿನಲ್ಲಿ ಕೂತು ದಾರಿಯುದ್ದಕ್ಕೂ ಕೂಗಿದವನು ಅವನೇ. ಜೀಪಿನ ಹಿಂಭಾಗಕ್ಕೆ ಫೋನ್ ಕಟ್ಟಿ ವಿಡಿಯೊ ಮಾಡಿದವನೂ ಅವನೇ.

ನನ್ನನ್ನು ನೋಡಿದ ಕೂಡಲೇ ಅವನು ಅರ್ಧ ಶಟರ್ ಎಳೆದ. ನಾನು ಬಗ್ಗಿ ಒಳಗೆ ಹೋದೆ. ಮೊದಲು ವಿಡಿಯೊ ಇಲ್ಲ ಅಂದ. ಆಮೇಲೆ ಅಳಿಸಿದೆ ಅಂದ. ಆಮೇಲೆ ಕುರ್ಚಿಯಲ್ಲಿ ಕುಸಿದು ಕೂತ.

“ನೋಡಬ್ಯಾಡ್ರಿ ಅಕ್ಕಾರ. ನಿಮ್ಮ ಕಾಲಿಗೆ ಬೀಳ್ತೀನಿ.”

“ದುರುಗಪ್ಪನ ಹೆಂಡ್ತಿ ಅಮರಮ್ಮ ಇದ ಓಣ್ಯಾಗ ಅದಾಳ. ಆಕಿ ಮಾರಿ ಹೆಂಗ ನೋಡ್ತಿ?”

“ನೋಡಂಗಿಲ್ರಿ. ಸುತ್ತು ಹಾಕಿ ಹೊಕ್ಕೀನಿ.”

ಅವನ ಕಣ್ಣಲ್ಲಿ ಹೆದರಿಕೆ ಇತ್ತು. ಇನ್ನೊಂದೂ ಇತ್ತು, ಮರುಕ. ಅಮರಮ್ಮನ ಮೇಲಿನ ಮರುಕ ಅಂದುಕೊಂಡೆ. ಇಷ್ಟು ವರ್ಷ ಮುಖ ಓದಿ ಅನ್ನ ತಿಂದವಳು ನಾನು... ಅವತ್ತು ಓದಲು ಬರಲಿಲ್ಲ.

ಆಂಪ್ಲಿಫಯರಿನ ಅಡಿಯಿಂದ ಉಗುರಿನಷ್ಟು ಮೆಮೊರಿ ಕಾರ್ಡ್ ತೆಗೆದು ಕೊಟ್ಟ. ತನ್ನ ಹೆಸರು ಬರಬಾರದು ಅಂದ. ಬರುತ್ತದೆ ಅಂದೆ. ಸುಳ್ಳು ಹೇಳಿ ಕಾರ್ಡ್ ತರುವುದು ನನ್ನ ಜಾಯಮಾನವಲ್ಲ.

ಹೊರಗೆ ಬಂದಾಗ ರಸ್ತೆಯಾಚೆ ಬಿಳಿ ಕ್ರೂಸರ್.

ಸ್ಕೂಟಿ ಏರಿದೆ. ಕಾರ್ಡ್ ಕುಬಸದೊಳಗೆ. ಹೈವೇ ಬಿಟ್ಟು ಗಂಗಾವತಿಯ ದಾರಿ ಹಿಡಿದೆ. ಕನ್ನಡಿಯಲ್ಲಿ ಬಿಳಿ ಬಣ್ಣ ದೊಡ್ಡದಾಗುತ್ತಿತ್ತು. ಐವತ್ತು... ಅರವತ್ತು... ನನ್ನ ಸ್ಕೂಟಿಗೆ ಅದಕ್ಕಿಂತ ಮೇಲೆ ಉಸಿರಿಲ್ಲ. ಕ್ರೂಸರಿನ ಬಂಪರ್ ಹಿಂದಿನ ಮಡ್‌ಗಾರ್ಡಿಗೆ ಒಮ್ಮೆ ತಾಗಿತು. ಮೆಲ್ಲಗೆ. ತಟ್ಟಿ ಎಬ್ಬಿಸಿದ ಹಾಗೆ.

ಎರಡನೇ ಸಲ ಮೆಲ್ಲಗೆ ತಾಗಲಿಲ್ಲ. ಹ್ಯಾಂಡಲ್ ತಿರುಚಿಕೊಂಡಿತು. ಎದುರಿಗೆ ಭತ್ತದ ಲಾರಿ. ಎಡಗಾಲು ನೆಲಕ್ಕೆ ಉಜ್ಜಿ ಗಾಡಿ ನೇರ ಮಾಡಿದೆ. ಚಪ್ಪಲಿ ಹೋಯಿತು, ಚರ್ಮವೂ ಹೋಯಿತು. ಮುಚ್ಚದ ರಸ್ತೆಯಲ್ಲಿ ಎರಡು ಗಾಲಿಯ ಮೇಲೆ ಇರುವುದು ಎಂದರೇನು ಅಂತ ಆ ಕ್ಷಣ ಗೊತ್ತಾಯಿತು. ಪರಮೇಶನಿಗೆ ಟ್ರ್ಯಾಕ್ಟರ್ ಕಂಡಿತ್ತೋ ಇಲ್ಲವೋ. ನನಗೆ ಲಾರಿ ಕಂಡಿತು.

ಮುಂದೆ ಕಾಲುವೆಯ ಸೇತುವೆ. ಅದರ ಪಕ್ಕ ಒಡ್ಡಿನ ಕಾಲುದಾರಿ, ಎಮ್ಮೆ ಹೋಗುವಷ್ಟು ಅಗಲ. ಇಂಡಿಕೇಟರ್ ಹಾಕದೆ ತಿರುಗಿಸಿದೆ. ಕ್ರೂಸರ್ ತಿರುಗಲು ನೋಡಿತು, ಮುಂದಿನ ಗಾಲಿ ಕೆಸರಲ್ಲಿ ಕೂತಿತು. ಗಾಲಿ ಅಲ್ಲೇ ಗಿರಗಿರ ತಿರುಗುವ ಸದ್ದು ಬಹಳ ದೂರ ಕೇಳುತ್ತಿತ್ತು.

ಒಂದು ಬೇವಿನ ಮರದ ಕೆಳಗೆ ನಿಂತೆ. ಕಾರ್ಡ್ ಫೋನಿಗೆ ಹಾಕಿದೆ.

ಧೂಳು. ಡಾಂಬರು. ಹಿಂದೆ ಸೈಕಲ್ಲುಗಳು. ಹೇಮಗುಡ್ಡದ ಅಡ್ಡರಸ್ತೆ ಬಂತು. ಬಾವುಟದವನು ಸರಿಯಾದ ಜಾಗದಲ್ಲೇ ನಿಂತಿದ್ದ, ಅಡ್ಡರಸ್ತೆಗೆ ಅಡ್ಡವಾಗಿ, ಕೊರಳಲ್ಲಿ ಶಾಲು. ಎಲ್ಲರಿಗಿಂತ ಮುಂದೆ ಹನ್ನೊಂದನೇ ನಂಬರ್, ಹುಲಿಹೈದರದ ಹುಡುಗ. ಅವನ ಹಿಂದೆ ಒಂದು ಗುಂಪು, ಅದರಲ್ಲಿ ಪರಮೇಶ.

ನಿಮಗೆ ನಮ್ಮ ರೇಸುಗಳು ಗೊತ್ತಿರಲಿಕ್ಕಿಲ್ಲ. ತಮ್ಮೂರ ಹುಡುಗ ಬಂದರೆ ಜನ ಪಕ್ಕದಲ್ಲಿ ಓಡುತ್ತಾ ಅವನ ತಲೆಗೆ ನೀರು ಹಾಕುತ್ತಾರೆ. ಹಾಕದೆ ನಿಂತವನನ್ನು ಊರು ವರ್ಷಗಟ್ಟಲೆ ಆಡಿಕೊಳ್ಳುತ್ತದೆ.

ಬಾವುಟದವನು ಹನ್ನೊಂದನೇ ನಂಬರ್ ನೋಡಿದ. ನೀರಿನ ಕೊಡ ಎತ್ತಿಕೊಂಡ. ಬಾವುಟವನ್ನು ಪಕ್ಕದಲ್ಲಿದ್ದ ಯಾರದೋ ಕೈಗೆ ಕೊಟ್ಟು ಓಡಿದ. ಜೀಪಿನ ಕಡೆಗೇ ಓಡಿ ಬಂದ. ಮುಖ ಹತ್ತಿರವಾಯಿತು. ನಗುತ್ತಿತ್ತು.

ಆ ಅಂಗಿಗೆ ನಾನೇ ಇಸ್ತ್ರಿ ಹಾಕಿದ್ದೆ.

ನಮ್ಮ ಮನೆಯವರು. ಹುಲಿಹೈದರದವರು. ಆ ಭಾನುವಾರ ನಾನು ಯಲಬುರ್ಗಾದಲ್ಲಿ ತಂಗಿಯ ಮನೆಯಲ್ಲಿದ್ದೆ. ಮಗಳನ್ನು ಕರೆದುಕೊಂಡು ಗಂಗಾವತಿಯಲ್ಲೇ ನಿಂತು ರೇಸ್ ನೋಡಿದೆವು, ಅಲ್ಲಿಗೆ ತಂದ ಹೆಣ ಮಗುವಿನ ಕಣ್ಣಿಗೆ ಬಿತ್ತು ಅಂತ ನನಗೆ ಹೇಳಿದ್ದರು.

ಅವರ ಹಿಂದೆ, ಅಡ್ಡರಸ್ತೆಯ ಬಾಯಲ್ಲಿ, ಹಳದಿ ಫ್ರಾಕು. ಜಡೆ ಒಂದು ಮೇಲೆ, ಒಂದು ಕೆಳಗೆ. ಅಪ್ಪ ಹೆಣೆದ ಜಡೆ. ಎರಡೂ ಕೈಯಲ್ಲಿ ಕೆಂಪು ಬಾವುಟ ಎತ್ತಿ ಹಿಡಿದಿದ್ದಳು. ಟ್ರ್ಯಾಕ್ಟರ್ ಬಂತು. ಮಗು ಆಡುತ್ತಿದೆ ಅಂದುಕೊಂಡಿರಬೇಕು ದುರುಗಪ್ಪ. ಯಾರಾದರೂ ಹಾಗೇ ಅಂದುಕೊಳ್ಳುತ್ತಿದ್ದರು. ಅವಳು ಕದಲಲಿಲ್ಲ. ಟ್ರ್ಯಾಕ್ಟರಿನ ಮೂತಿ ತೀರಾ ಹತ್ತಿರ ಬಂದ ಮೇಲೆ ಒಂದು ಹೆಜ್ಜೆ ಹಿಂದಕ್ಕೆ ಸರಿದಳು.

ಅಲ್ಲಿಗೆ ನಿಲ್ಲಿಸಿದೆ. ಮುಂದಿನದು ನೋಡಲಿಲ್ಲ.

ಕಾಲುವೆಯ ನೀರಲ್ಲಿ ಮುಖ ತೊಳೆದೆ. ಫೋನ್ ಬಡಿದುಕೊಂಡಿತು. ಕಳಕಪ್ಪ. ಸಿಟ್ಟಿಲ್ಲದ ದನಿ. ನಿನ್ನ ಸಂಸಾರ ಅಂತಲೇ ಇಷ್ಟು ದಿನ ಮುಚ್ಚಿಟ್ಟೆ, ಉಪಕಾರ ನೆನಪಿರಲಿ ಅಂದ.

“ದುರುಗಪ್ಪಗೂ ಮಕ್ಕಳು ಅದಾವ್ರಿ” ಅಂದೆ. ಫೋನ್ ಇಟ್ಟೆ.

ಕಾರ್ಡ್ ನೀರಿಗೆ ಬಿಸಾಕಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಉಗುರಿನಷ್ಟಿತ್ತು, ಸದ್ದೂ ಆಗುತ್ತಿರಲಿಲ್ಲ. ಬೆರಳ ನಡುವೆ ಹಿಡಿದು ಬಹಳ ಹೊತ್ತು ಕೂತೆ. ಆಮೇಲೆ ಶಾಲೆ ಬಿಡುವ ಹೊತ್ತಾಯಿತು ಅಂತ ಎದ್ದೆ.

ಮಗಳನ್ನು ಮನೆಗೆ ತಂದು ಕೈಕಾಲು ತೊಳೆಸಿ ಒಳಗೆ ಊಟಕ್ಕೆ ಕೂರಿಸಿದೆ. ನಮ್ಮವರನ್ನು ಫೋನ್ ಮಾಡಿ ಕರೆಸಿದೆ. ಅವರದು ಪಂಪ್‌ಸೆಟ್ ಮೋಟರ್ ರಿಪೇರಿಯ ಅಂಗಡಿ, ಕೈಯಲ್ಲಿ ಇನ್ನೂ ಗ್ರೀಸ್ ಇತ್ತು. ಹಿತ್ತಲಲ್ಲಿ ನಿಲ್ಲಿಸಿ ವಿಡಿಯೊ ತೋರಿಸಿದೆ. ನೋಡಿದರು. ಒಗೆಯುವ ಕಲ್ಲಿನ ಮೇಲೆ ಕೂತರು.

“ಎರಡ ನಿಮಿಷದ ಮಾತು, ರೇಣುಕಾ. ನಮ್ಮೂರ ಹುಡುಗ ಮುಂದ ಇದ್ದ. ಅಲ್ಲೆ ಯಾವ ಗಾಡೀನೂ ಇರಲಿಲ್ಲ.”

“ನನಗ ಯಾಕ ಹೇಳಲಿಲ್ಲ?”

“ದಿನಾ ಹೇಳಬೇಕಂತ ಬರ್ತಿದ್ದೆ. ನೀ ಆ ಬಾವುಟದವನ್ನ ಬೈಕೋತ ರೊಟ್ಟಿ ಬಡೀತಿದ್ದಿ.”

ಅಳಿಸು ಅಂದರು. ತನಗಾಗಿ ಅಲ್ಲವಂತೆ, ಮಗಳ ಮುಖ ಇದೆ ಅಂತ. ನಾನು ಆಗುವುದಿಲ್ಲ ಅಂತ ತಲೆಯಾಡಿಸಿದೆ. ಈ ಕಾರ್ಡ್ ಇಲ್ಲದಿದ್ದರೆ ದುರುಗಪ್ಪ ಒಳಗೇ ಉಳಿಯುತ್ತಾನೆ. ಭೀಮಕ್ಕ ತನ್ನ ಹೆಬ್ಬೆಟ್ಟೇ ಮಗನನ್ನು ಕೊಂದಿತು ಅಂದುಕೊಂಡು ಸಾಯುತ್ತಾಳೆ. ಕಳಕಪ್ಪ ಮುಂದಿನ ವರ್ಷ ಮತ್ತೆ ಜಾಥಾ ಅಂತ ಅರ್ಜಿ ಬರೆಯುತ್ತಾನೆ. ಇಷ್ಟನ್ನೂ ಹೇಳಿದೆ. ಹೇಳುವಾಗ ಅಳು ಬಂತು. ಆ ಕರವಸ್ತ್ರದವನ ಮಾತು ನಿಜವಾಯಿತಲ್ಲ ಅಂತ ಸಿಟ್ಟೂ ಬಂತು.

“ನಾಳೆ ವಕೀಲರ ಮುಂದ ನೀವ ಹೇಳ್ರಿ. ನನ್ನ ಬಾಯಿಲೆ ಹೇಳಸಬ್ಯಾಡ್ರಿ.”

ಅವರು ಗ್ರೀಸಿನ ಕೈಯನ್ನು ಕಲ್ಲಿಗೆ ಉಜ್ಜಿದರು. ಆಮೇಲೆ ಹೂಂ ಅಂದರು. ಆ ಹೂಂ ಅನ್ನುವಾಗ ಹತ್ತು ವರ್ಷ ಮುದುಕರಾದರು.

“ಐಶೂದು?”

“ಆಕಿ ಎಂಟು ವರ್ಷದಾಕಿ. ಆಕಿ ಮ್ಯಾಲ ಯಾವ ಕಲಮೂ ಬರಂಗಿಲ್ಲ.”

“ಕಲಮಿನ ಮಾತಲ್ಲ ನಾ ಕೇಳಿದ್ದು.”

ಅವರು ಕೇಳಿದ್ದು ಸಾಹೇಬರ ಪುಸ್ತಕಗಳಲ್ಲಿ ಇರಲಿಕ್ಕಿಲ್ಲ.

ಹಿತ್ತಲ ಬಾಗಿಲು ಕಿರುಗುಟ್ಟಿತು. ಅವಳು ಹೊಸ್ತಿಲ ಮೇಲೆ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಕೈಯಲ್ಲಿ ಅರ್ಧ ತಿಂದ ರೊಟ್ಟಿ. ಅಪ್ಪನನ್ನು ನೋಡಲಿಲ್ಲ, ನನ್ನನ್ನೇ ನೋಡಿದಳು.

“ಅವ್ವಾ... ನಾ ಹಿಂದ ಸರೀದೆ ಅಲ್ಲೇ ನಿಂತಿದ್ರ, ಆ ಅಣ್ಣ ಸಾಯ್ತಿರಲಿಲ್ಲೇನು?”